ಪೆಟ್ಟಿಗೆಯಲ್ಲಿ ಬಂದ ದುಗ್ಗಪ್ಪನವರು

ಪುತ್ತೂರು ಕಡೆಯ ಸವಣೂರು ಪೇಟೆಯಲ್ಲಿ ಗೋಲಿಸೋಡಾ ಮಾರುತ್ತಿದ್ದ ಆದಂ ಕುಂಞಿ ತನ್ನ ಜನ್ಮದಲ್ಲಿ ಹಡಗು ಹತ್ತಿದ್ದು ಎರಡೇ ಸಲ. ಮಂಗಳೂರಿನಿಂದ ಬೊಂಬಾಯಿಗೆ ಹೋಗುವಾಗ ಒಮ್ಮೆ, ಹನ್ನೊಂದು ತಿಂಗಳು ಕಳೆದು ಮರಳುವಾಗ ಇನ್ನೊಮ್ಮೆ. ಎರಡು ಸಲವೂ ಹತ್ತಿದ ಗಳಿಗೆಯಿಂದ ಇಳಿಯುವ ಗಳಿಗೆಯವರೆಗೆ ವಾಂತಿ ಮಾಡಿಕೊಂಡು ಚಾಪೆಯ ಮೇಲೆ ಬಿದ್ದಿದ್ದರಿಂದ ಸಮುದ್ರದ ಬಣ್ಣ ಯಾವುದು ಎಂಬುದೂ ಅವನಿಗೆ ಸರಿಯಾಗಿ ಗೊತ್ತಿರಲಿಲ್ಲ. ನಡುವಿನ ಹನ್ನೊಂದು ತಿಂಗಳು ಅವನು ಬಂದರಿನ ಹತ್ತಿರದ ಒಂದು ಹೋಟೆಲಿನ ಹಿಂಬದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಲೋಟ ತೊಳೆದಿದ್ದ.

ಆದರೂ ಊರಿನಲ್ಲಿ ಅವನ ಹೆಸರು ಕಪ್ಪಲ್ ಆದಂ. ಕಪ್ಪಲ್ ಎಂದರೆ ಹಡಗು. ಬೊಂಬಾಯಿಯಿಂದ ಮರಳಿದ ವಾರ ಯಾರೋ, ಹಡಗಿನಲ್ಲಿದ್ದಿರಾ ಎಂದು ಕೇಳಿದರು. ಬಂದದ್ದು ಹಡಗಿನಲ್ಲೇ ಆದ್ದರಿಂದ ಅವನು ಹೌದು ಎಂದ. ಆ ಒಂದು ಹೌದಿಗೆ ಮುಂದಿನ ಇಪ್ಪತ್ತೆರಡು ವರ್ಷ ಬಾಲ ಬೆಳೆಯುತ್ತಲೇ ಹೋಯಿತು. ಮೊದಲು ಏಡನ್ ಬಂತು, ಆಮೇಲೆ ಬಿರುಗಾಳಿ ಬಂತು, ಬಾಯ್ಲರು ಬಂತು. ಹಡಗಿನ ಮನುಷ್ಯ ಎಂದು ಕೇಳಿ ಕೆದಂಬಾಡಿಯ ಒಬ್ಬರು ಮಗಳು ಸಫಿಯಮ್ಮನನ್ನು ಮದುವೆ ಮಾಡಿಕೊಟ್ಟರು. ಯಾರಾದರೂ ಕಥೆಯ ನಡುವೆ ಸಂಶಯ ಎತ್ತಿದರೆ ಆದಂ ಕುಂಞಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಏಡನ್ನಿಗೆ ಎಷ್ಟು ದಿನದ ದಾರಿ ಎಂದು ಶಾಲೆಯ ಮಾಸ್ತರರು ಕೇಳಿದ್ದಕ್ಕೆ, ಸೋಡಾ ಕುಡಿಯಲು ಬಂದವರು ಕುಡಿದು ಹೋಗಬೇಕು ಎಂದು ಬಾಟ್ಲಿಯನ್ನು ಮೇಜಿಗೆ ಕುಟ್ಟಿದ್ದ. ಮಾಸ್ತರರು ಅಂದಿನಿಂದ ಎಳನೀರಿಗೆ ತಿರುಗಿದರು. ಉಳಿದವರು ಪ್ರಶ್ನೆ ಕೇಳುವುದನ್ನು ಬಿಟ್ಟರು.

ಅವನ ಕಥೆಗಳ ನಾಯಕ ದುಗ್ಗಪ್ಪ. ಇವರು ಮಾತ್ರ ಕಟ್ಟುಕಥೆಯಲ್ಲ. ಸವಣೂರಿನ ಪಕ್ಕದ ಗುಡ್ಡದ ಬುಡದಲ್ಲಿ ಹುಟ್ಟಿ, ಹದಿನೈದನೇ ವರ್ಷಕ್ಕೆ ಊರು ಬಿಟ್ಟು, ಹಡಗುಗಳ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತ, ಕೊನೆಗೆ ಬೊಂಬಾಯಿಯಲ್ಲಿ ಹಡಗು ಕೆಲಸಗಾರರ ಸಂಘ ಕಟ್ಟಿದವರು. ಅವರು ಕೈ ಎತ್ತಿದರೆ ಸಾವಿರಾರು ಖಲಾಸಿಗಳು ಹಡಗಿನಿಂದ ಇಳಿದು ನಿಲ್ಲುತ್ತಿದ್ದರಂತೆ. ಅವರು ತೀರಿಕೊಂಡು ಐದು ವರ್ಷವಾಗಿತ್ತು. ಊರಿನವರು ಅವರ ಮುಖ ಮರೆತು ನಲವತ್ತು ವರ್ಷವಾಗಿತ್ತು. ತಾನೂ ಅವರೂ ಒಂದೇ ಹಡಗಿನಲ್ಲಿ, ಒಂದೇ ಬಟ್ಟಲಿನಲ್ಲಿ ಉಂಡವರು ಎಂದು ಆದಂ ಕುಂಞಿ ಹೇಳುತ್ತಿದ್ದ. ನಿಜ ಹೇಳಬೇಕೆಂದರೆ, ಒಮ್ಮೆ ಅವರ ಮೆರವಣಿಗೆ ಹೋಟೆಲಿನ ಎದುರು ಬಂದಾಗ ಹೆದರಿದ ಯಜಮಾನ ಬಾಗಿಲನ್ನು ಅರ್ಧ ಎಳೆದಿದ್ದ. ಕೆಳಗಿನ ಸಂದಿಯಲ್ಲಿ ಆದಂ ಕುಂಞಿ ಸುಮಾರು ನಾನೂರು ಕಾಲುಗಳನ್ನು ನೋಡಿದ್ದ. ಅದರಲ್ಲಿ ದುಗ್ಗಪ್ಪನವರದ್ದು ಯಾವ ಎರಡು ಎಂದು ಹೇಳುವಂತಿರಲಿಲ್ಲ.

ಸಾವಿರದ ಒಂಬೈನೂರ ಅರುವತ್ತೆರಡನೆಯ ಇಸವಿಯಲ್ಲಿ ಆ ಸಂಘದಿಂದ ಸವಣೂರಿಗೆ ಒಂದು ಕಾಗದ ಬಂತು. ದುಗ್ಗಪ್ಪನವರ ಎದೆಮಟ್ಟದ ಕಂಚಿನ ಮೂರ್ತಿ ಮಾಡಿಸಿದ್ದೇವೆ, ಹುಟ್ಟಿದ ಊರಿನಲ್ಲಿ ನಿಲ್ಲಿಸಬೇಕೆಂದು ಆಸೆ, ಜಾಗ ಕೊಟ್ಟು ಕಟ್ಟೆ ಕಟ್ಟಿಸುತ್ತೀರಾ ಎಂದು ಅದರಲ್ಲಿತ್ತು. ಎರಡೇ ದಿನದಲ್ಲಿ ಸ್ಮಾರಕ ಸಮಿತಿ ಆಯಿತು. ಅಧ್ಯಕ್ಷರು ತ್ಯಾಂಪಣ್ಣ. ಇವರು ಬೀಡಿ ಕಂಟ್ರಾಕ್ಟುದಾರರು. ಮನೆಮನೆಯ ಹೆಂಗಸರಿಗೆ ಎಲೆ, ಹೊಗೆಸೊಪ್ಪು ಕೊಟ್ಟು, ಕಟ್ಟಿ ತಂದ ಬೀಡಿಯಲ್ಲಿ ನೂರಕ್ಕೆ ಇಪ್ಪತ್ತನ್ನು ಸರಿಯಿಲ್ಲ ಎಂದು ತೆಗೆದಿಟ್ಟು, ತೆಗೆದಿಟ್ಟದ್ದನ್ನೂ ಮಾರುವವರು. ಕೆಲಸಗಾರರ ನಾಯಕನ ಸಮಿತಿಗೆ ಇವರಿಗಿಂತ ತಕ್ಕವರು ಯಾರಿದ್ದಾರೆ ಎಂದು ಅವರೇ ಸಭೆಯಲ್ಲಿ ಕೇಳಿದರು. ಕಾರ್ಯದರ್ಶಿ ಅವರ ಡಿಪೋದ ಗುಮಾಸ್ತ ಅಚ್ಚುತ. ಬಾಯಿಂದ ಬಿದ್ದ ಮಾತೆಲ್ಲ ಬರೆದಿಟ್ಟುಕೊಳ್ಳುವ ಮನುಷ್ಯ.

ಮೂರ್ತಿ ಮಂಗಳೂರಿನ ಬಂದರಿಗೆ ಇಳಿದು ಲಾರಿಯಲ್ಲಿ ಬಂತು. ಪೆಟ್ಟಿಗೆಯ ಮೇಲೆ ಒಂದು ನಂಬರು ಬಿಟ್ಟರೆ ಬೇರೇನೂ ಇರಲಿಲ್ಲ. ಜೊತೆಗಿದ್ದ ಕಾಗದದಲ್ಲಿ ಒಂದು ಶರ್ತ ಇತ್ತು: ದುಗ್ಗಪ್ಪನವರನ್ನು ಕಂಡು ಬಲ್ಲವರು ಯಾರಾದರೂ ಮೂರ್ತಿಯನ್ನು ನೋಡಿ, ಮುಖ ಸರಿ ಉಂಟು ಎಂದು ಸಹಿ ಹಾಕಬೇಕು.

ಸವಣೂರಿನಲ್ಲಿ ಅಂಥವನು ಒಬ್ಬನೇ.

ಆದಂ ಕುಂಞಿ ಅಂದು ಅಂಗಡಿ ಬಿಡಲು ಪುರುಸೊತ್ತಿಲ್ಲ ಎಂದು ರೇಗಿದ, ಗ್ಯಾಸು ಮುಗಿದಿದೆ ಎಂದು ರೇಗಿದ, ಸಹಿ ಹಾಕಲು ತಾನೇನು ತಹಶೀಲ್ದಾರನೇ ಎಂದು ರೇಗಿದ. ಅವನ ರೇಗಾಟ ಊರಿಗೆ ಅಭ್ಯಾಸವಾಗಿದ್ದರಿಂದ ಇಬ್ಬರು ರಟ್ಟೆ ಹಿಡಿದು ಕರೆದುಕೊಂಡು ಹೋದರು.

ಹಾರೆಯಿಂದ ಪೆಟ್ಟಿಗೆ ಒಡೆದು ಬೈಹುಲ್ಲು ಸರಿಸಿದಾಗ ಒಳಗಿನಿಂದ ತುಂಬು ಕೆನ್ನೆಯ, ಎರಡು ಮಡಿಕೆ ಗಲ್ಲದ ಒಬ್ಬ ಮಹಾಶಯ ಹೊರಬಂದ. ಕೋಟು, ಕುತ್ತಿಗೆಗೆ ಟೈ, ಎದೆಗೆ ಗಡಿಯಾರದ ಸರಪಳಿ. ಎಡಕೆನ್ನೆಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಮಚ್ಚೆ. ನೆರೆದವರು ಮೂರ್ತಿಯನ್ನು ನೋಡಿದರು, ಆಮೇಲೆ ಆದಂ ಕುಂಞಿಯನ್ನು ನೋಡಿದರು.

"ಬಾಯ್ಲರಿಗೆ ಕಲ್ಲಿದ್ದಲು ಹಾಕುವವರು ಇಷ್ಟು ದಪ್ಪ ಇರ್ತಾರಾ ಬ್ಯಾರಿಗಳೇ?" ಎಂದು ತ್ಯಾಂಪಣ್ಣ ಕೇಳಿದರು.

ಪ್ರಶ್ನೆ ಕೇಳಿದ ಕೂಡಲೇ ಸಿಟ್ಟು ಬರುವುದು ಆದಂ ಕುಂಞಿಯ ದೇಹಧರ್ಮ. "ನೀವು ಹಡಗಿನ ಊಟ ಉಂಡಿದ್ದೀರಾ?" ಎಂದು ಕೇಳಿಬಿಟ್ಟ. ಅಲ್ಲಿಂದ ಮುಂದೆ ಹಿಂದಕ್ಕೆ ಬರುವ ದಾರಿ ಇರಲಿಲ್ಲ. ಟೈ ಯಾಕೆ ಎಂದರು. ಬಾಯ್ಲರಿನ ಸೆಕೆಗೆ ಬೆವರು ಎದೆಗೆ ಇಳಿಯದ ಹಾಗೆ ಕಟ್ಟುವುದು ಎಂದ. ಸರಪಳಿ ಯಾಕೆ ಎಂದರು; ಬಿರುಗಾಳಿಗೆ ಹಡಗು ಹೊರಳುವಾಗ ಮನುಷ್ಯ ಸಮುದ್ರಕ್ಕೆ ಬೀಳದ ಹಾಗೆ ಕಂಬಕ್ಕೆ ಸಿಕ್ಕಿಸುವುದು ಎಂದ. ಅಷ್ಟು ಸಪುರ, ದಾರದಂಥ ಸರಪಳಿಯೇ ಎಂದು ಹಿಂದಿನಿಂದ ಒಬ್ಬ ಕೇಳಿದ್ದಕ್ಕೆ, ಕಂಚಿನಲ್ಲಿ ಮಾಡುವಾಗ ಸಪುರವಾಗಿ ಕಾಣುತ್ತದೆ ಎಂದು ಗದರಿಸಿದ. ಅಚ್ಚುತ 'ಬೆವರು ತಡೆಯುವ ಟೈ' ಎಂದು ಬರೆದುಕೊಂಡು ಸಹಿಗೆ ಪೆನ್ನು ಕೊಟ್ಟ. ಆದಂ ಕುಂಞಿ ಸಹಿ ಹಾಕಿದ. ಮಹಾಶಯನನ್ನು ಬಸ್ಸು ನಿಲ್ಲುವ ಜಾಗದ ಪಕ್ಕ ಹೊಸ ಕಟ್ಟೆಯ ಮೇಲೆ ಬೋಲ್ಟು ಹಾಕಿ ಕೂರಿಸಿ ಬಿಳಿ ಬಟ್ಟೆ ಮುಚ್ಚಿದರು. ಕಟ್ಟೆಗೆ 'ಕಾರ್ಮಿಕ ಬಂಧು ದುಗ್ಗಪ್ಪ' ಎಂದು ಕೆತ್ತಿದ ಕಲ್ಲು ಹಚ್ಚಿದರು. ಆಮಂತ್ರಣ ಪತ್ರಿಕೆಯಲ್ಲಿ ಹದಿನಾಲ್ಕು ಗಣ್ಯರ ಹೆಸರಿತ್ತು. ದುಗ್ಗಪ್ಪನವರಿಗೆ ಒಬ್ಬಳು ಹೆಂಡತಿ ಇದ್ದಿರಬಹುದು ಎಂಬ ಯೋಚನೆ ಹದಿನಾಲ್ಕು ಜನರಲ್ಲಿ ಒಬ್ಬರಿಗೂ ಬರಲಿಲ್ಲ.

ಅವಳು ತಾನಾಗಿ ಬಂದಳು. ಹೆಸರು ಚೆನ್ನು, ವಯಸ್ಸು ಐವತ್ತರ ಮೇಲೆ. ಗಂಡ ಸತ್ತ ಮೇಲೆ ಬೊಂಬಾಯಿ ಬಿಟ್ಟು ಕಲ್ಲುಗುಂಡಿಯ ತವರಿಗೆ ಬಂದು ಬೀಡಿ ಕಟ್ಟಿಕೊಂಡಿದ್ದಳು. ಪೇಪರಿನಲ್ಲಿ ಬಂದ ಎರಡು ಗೆರೆಯ ಸುದ್ದಿಯನ್ನು ಯಾರೋ ಓದಿ ಹೇಳಿದ್ದರಂತೆ. ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ, ಎರಡು ಬಸ್ಸು ಬದಲಾಯಿಸಿ, ಒಂದು ಚೀಲ ಹಿಡಿದುಕೊಂಡು ಸವಣೂರಿನಲ್ಲಿ ಇಳಿದಳು. ಕಟ್ಟೆಯ ಮೇಲಿನ ಬಟ್ಟೆಯನ್ನು ಸರಿಸಿ ನೋಡಿದಳು. ತುಂಬ ಹೊತ್ತು ನೋಡಿದಳು. ತ್ಯಾಂಪಣ್ಣನವರು ಓಡಿಬಂದು, ಯಾರಮ್ಮ ನೀನು, ಉದ್ಘಾಟನೆಗೆ ಮೊದಲೇ ಬಟ್ಟೆ ತೆಗೆಯುತ್ತೀಯಲ್ಲ ಎಂದು ಗದರಿಸಿದರು. ಅವಳು ತಾನು ಯಾರೆಂದು ಹೇಳಿದಳು. ತ್ಯಾಂಪಣ್ಣನವರ ಮುಖ ಒಂದು ಗಳಿಗೆ ಅರಳಿತು. ವೇದಿಕೆಯ ಮೇಲೆ ಅವಳಿಗೂ ಒಂದು ಕುರ್ಚಿ ಹಾಕಿದರೆ ಚೆಂದ ಎಂದು ಲೆಕ್ಕ ಹಾಕಿದರು.

"ಇದು ಯಾರು?" ಎಂದಳು ಚೆನ್ನು.

"ಯಾರು ಅಂದ್ರೆ? ನಿಮ್ಮ ಯಜಮಾನರು."

"ನಾನು ಇವನ ಜೊತೆ ಸಂಸಾರ ಮಾಡಲಿಲ್ಲ. ಇವ ಹಡಗು ಕಂಪೆನಿಯ ಧಣಿ. ಈ ಮಚ್ಚೆ ನನಗೆ ಗೊತ್ತುಂಟು. ಮುಷ್ಕರದ ಸಮಯ ನಾವು ಹೆಂಗಸರು ಇವನ ಕಾರಿನ ಎದುರು ಮಲಗಿದ್ದೆವು. ಗಾಜು ಇಳಿಸಿ ಮುಖ ಹೊರಗೆ ಹಾಕಿ, ಮೇಲಿಂದ ಹೋಗು ಅಂತ ಡ್ರೈವರನಿಗೆ ಹೇಳಿದವ ಇವನೇ."

ಪೇಟೆಯ ಜನ ಸೇರಿದರು. ತ್ಯಾಂಪಣ್ಣನವರಿಗೆ ತಲೆಗೇರಿತು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಪುತ್ತೂರಿನಿಂದ ದೊಡ್ಡ ಆಫೀಸರರು ಬರುವವರಿದ್ದಾರೆ, ಮೈಕು ಬಂದಾಗಿದೆ, ಈಗ ಧಣಿ ಎಂದರೆ ಏನರ್ಥ. ಆದಂ ಕುಂಞಿಯನ್ನು ಕರೆಸಿದರು. ಚೆನ್ನು ಅವನ ಕಡೆ ತಿರುಗಿ, ನೀವು ಅವರ ಜೊತೆ ಯಾವ ಹಡಗಿನಲ್ಲಿದ್ದಿರಿ ಎಂದು ಮೆಲ್ಲಗೆ ಕೇಳಿದಳು.

ಇಪ್ಪತ್ತೆರಡು ವರ್ಷದಲ್ಲಿ ಬಂದ ಸಿಟ್ಟುಗಳೆಲ್ಲ ಒಟ್ಟಾಗಿ ಆದಂ ಕುಂಞಿಯ ಗಂಟಲಿಗೆ ಬಂದವು. ಕಂಡಕಂಡವರು ಬಂದು ಹಡಗಿನ ಹೆಸರು ಕೇಳಿದರೆ ಹೇಳುವುದಕ್ಕೆ ಇದು ಕೋರ್ಟೇ ಎಂದು ಕೂಗಿದ. ಗಂಡಸರು ಸಮುದ್ರದಲ್ಲಿ ಬೇರೆ, ಮನೆಯಲ್ಲಿ ಬೇರೆ ಕಾಣುತ್ತಾರೆ, ಇದು ಅವರ ಸಮುದ್ರದ ಮುಖ ಎಂದ. ಅಷ್ಟು ಹೇಳಿ ಅವಳ ಕಣ್ಣು ನೋಡದೆ ಅಂಗಡಿಗೆ ಹೋದ.

ಆಮೇಲೆ ನಡೆದದ್ದು ಅಚ್ಚುತನ ಕೆಲಸ. ಅವನು ಕಡತ ಬಿಡಿಸಿ, ನೀವು ದುಗ್ಗಪ್ಪನವರ ಹೆಂಡತಿ ಎಂಬುದಕ್ಕೆ ಸಮಿತಿಯಿಂದ ಒಂದು ಸರ್ಟಿಫಿಕೇಟು ಆಗಬೇಕು, ಆಗ ನಿಮ್ಮ ತಕರಾರನ್ನು ಸ್ವೀಕರಿಸಬಹುದು ಎಂದ. ಕೊಡಿ ಎಂದಳು ಚೆನ್ನು. ಅಚ್ಚುತ ಕಡತದಲ್ಲಿದ್ದ ಸಹಿಯ ಮೇಲೆ ಬೆರಳಿಟ್ಟ.

"ಈ ಮುಖ ದುಗ್ಗಪ್ಪನವರದ್ದು ಅಂತ ಸಹಿಯಾದ ದಾಖಲೆ ಉಂಟು. ಈ ಮುಖದವರು ನಿಮ್ಮ ಗಂಡ ಅಲ್ಲ ಅಂತ ನೀವೇ ಹೇಳ್ತೀರಿ. ಹಾಗಾದ್ರೆ ನೀವು ದುಗ್ಗಪ್ಪನವರ ಹೆಂಡತಿ ಅಲ್ಲ. ಸರ್ಟಿಫಿಕೇಟು ಹೇಗೆ ಕೊಡುದು?"

ತರ್ಕ ಎಷ್ಟು ಗಟ್ಟಿಯಾಗಿತ್ತೆಂದರೆ ನೆರೆದವರಲ್ಲಿ ನಾಲ್ಕೈದು ಮಂದಿ ತಲೆದೂಗಿದರು. ತಕರಾರು ವಜಾ ಎಂದು ತ್ಯಾಂಪಣ್ಣನವರು ತೀರ್ಪು ಕೊಟ್ಟರು. ಇಪ್ಪತ್ತೈದು ವರ್ಷ ಒಬ್ಬನ ಜೊತೆ ಬಾಳಿ, ಅವನು ಜೈಲಿಗೆ ಹೋದಾಗ ಹೊರಗೆ ಕಾದು, ಅವನ ಹೆಣಕ್ಕೆ ನೀರು ಬಿಟ್ಟ ಹೆಂಗಸು ಸವಣೂರು ಪೇಟೆಯ ನಡುವೆ ಹದಿನೈದು ನಿಮಿಷದಲ್ಲಿ ಯಾರೂ ಅಲ್ಲದವಳಾದಳು. ಅವಳು ಅಳಲಿಲ್ಲ. ಚೀಲದಿಂದ ಮೊರದಂಥ ಗೆರಸೆ, ಎಲೆ, ಹೊಗೆಸೊಪ್ಪು ತೆಗೆದು ಕಟ್ಟೆಗೆ ಒರಗಿ ಕೂತು ಬೀಡಿ ಕಟ್ಟಲು ಶುರು ಮಾಡಿದಳು. ಈ ಮೂರ್ತಿ ಇಳಿಯದೆ ತಾನು ಏಳುವುದಿಲ್ಲ ಎಂದಳು.

ಮಧ್ಯಾಹ್ನ ಆದಂ ಕುಂಞಿ ಊಟಕ್ಕೆ ಹೋದಾಗ ಮನೆಯಲ್ಲಿ ಸಫಿಯಮ್ಮ ಇರಲಿಲ್ಲ. ಬಿಸಿಲಲ್ಲಿ ಕೂತ ಹೆಂಗಸಿಗೆ ಗಂಜಿ ಕೊಡಲು ಹೋಗಿದ್ದವಳು ಒಂದು ಗಂಟೆ ಕಳೆದು ಬಂದಳು. ಬಂದವಳು ಅನ್ನ ಬಡಿಸಲಿಲ್ಲ. ಬಾಯ್ಲರಿಗೆ ಕಲ್ಲಿದ್ದಲು ಹಾಕಿದವರ ತೋಳಿನಲ್ಲಿ ಚರ್ಮದ ಒಳಗೆ ನೀಲಿ ಚುಕ್ಕೆ ಉಳಿಯುತ್ತದಂತೆ, ಎಷ್ಟು ತೊಳೆದರೂ ಹೋಗುವುದಿಲ್ಲವಂತೆ ಎಂದಳು.

"ನಿಮ್ಮ ಕೈ ತೋರಿಸಿ."

ಆದಂ ಕುಂಞಿ ಕೂಗಿದ. ಹೊರಗಿನ ಹೆಂಗಸಿನ ಮಾತು ಕೇಳಿ ಗಂಡನ ಕೈ ನೋಡುವ ಹೆಂಡತಿ ಎಂಥವಳು ಎಂದ. ಬಟ್ಟಲು ದೂಡಿದ. ಸಫಿಯಮ್ಮ ಅವನು ಕೂಗಿ ಮುಗಿಸುವವರೆಗೆ ನಿಂತಿದ್ದಳು. ಮುಗಿದ ಮೇಲೆ ಮತ್ತೆ, ಕೈ ತೋರಿಸಿ ಎಂದಳು. ಅಂಗಿಯ ತೋಳು ಮಡಚಿ ಅವನು ತೋರಿಸಿದ. ಮೊಣಕೈವರೆಗೆ ನುಣುಪಾಗಿ, ಸ್ವಚ್ಛವಾಗಿ ಇದ್ದ ಕೈಗಳು. ಆಮೇಲೆ ಹೋಟೆಲು, ಲೋಟ, ಅರ್ಧ ಎಳೆದ ಬಾಗಿಲು, ಎಲ್ಲವನ್ನೂ ಹೇಳಿದ.

"ಲೋಟ ತೊಳೆದದ್ದಕ್ಕೆ ನನಗೆ ಸಿಟ್ಟಿಲ್ಲ" ಎಂದಳು ಸಫಿಯಮ್ಮ. "ಅಂಗಡಿಯಲ್ಲಿ ಎಷ್ಟು ಬೇಕಾದರೂ ಬುರುಡೆ ಬಿಡಿ, ಸೋಡಾಕ್ಕೆ ಅದೂ ಬೇಕು. ಆದರೆ ಒಂದು ಹೆಂಗಸಿನ ಗಂಡನನ್ನು ಕಸಿದು, ಅವನ ಜಾಗದಲ್ಲಿ ಅವಳ ಮೇಲೆ ಕಾರು ಬಿಡಲು ಹೇಳಿದವನನ್ನು ಕೂರಿಸಿದಿರಿ. ಅದಕ್ಕೆ ಸಹಿ ಬೇರೆ. ನಾಳೆ ನೀವು ಅಲ್ಲಿ ನಿಜ ಹೇಳದಿದ್ದರೆ ನಾನು ತವರಿಗೆ, ಕೆದಂಬಾಡಿಗೆ ಹೋಗ್ತೇನೆ."

ಮರುದಿನ ಹತ್ತು ಗಂಟೆಗೆ ಬರಬೇಕಿದ್ದ ಆಫೀಸರರು ಹನ್ನೊಂದೂವರೆಗೆ ಬಂದರು. ಚೆನ್ನು ಕಟ್ಟೆಯ ಬುಡದಲ್ಲೇ ಇದ್ದಳು. ಅವಳನ್ನು ಎಬ್ಬಿಸಲು ತ್ಯಾಂಪಣ್ಣನವರು ಇಬ್ಬರನ್ನು ಕಳಿಸಿದರು. ಅವಳ ಪಕ್ಕ ಸಫಿಯಮ್ಮನೂ ಕೂತಿದ್ದುದನ್ನು ಕಂಡು ಇಬ್ಬರೂ ಬೇರೆ ಕೆಲಸ ನೆನಪಾದವರ ಹಾಗೆ ಹಿಂದೆ ಬಂದರು. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು. ಬಟ್ಟೆ ಎಳೆಯುವ ಮೊದಲು, ದುಗ್ಗಪ್ಪನವರ ಜೀವದ ಗೆಳೆಯರು ಎರಡು ಮಾತು ಆಡುತ್ತಾರೆ ಎಂದು ಅಚ್ಚುತ ಸಾರಿದ.

ಆದಂ ಕುಂಞಿ ಮೈಕಿನ ಎದುರು ನಿಂತ. "ನಾನು ಹಡಗಿನಲ್ಲಿ ಕೆಲಸ ಮಾಡಿದವ ಅಲ್ಲ. ಹೋಟೆಲಿನಲ್ಲಿ ಲೋಟ ತೊಳೆದವ. ದುಗ್ಗಪ್ಪನವರ ಮುಖ ನಾನು ನೋಡ್ಲೇ ಇಲ್ಲ. ಈ ಬಟ್ಟೆಯ ಒಳಗೆ ಇರುವುದು ಅವರಲ್ಲ."

ಮೊದಲು ಚಪ್ಪಾಳೆ ತಟ್ಟಿದವರು ಆಫೀಸರರು. ಅವರು ಎದ್ದು ಬಂದು ಆದಂ ಕುಂಞಿಯ ಹೆಗಲ ಮೇಲೆ ಕೈ ಇಟ್ಟು ಮೈಕು ಹಿಡಿದರು. ಎಂಥ ವಿನಯ ಎಂದರು. ತಾನು ಲೋಟ ತೊಳೆದವನು ಎಂದರೆ ಸೇವೆ ಮಾಡಿದವನು ಎಂದರ್ಥ. ಮುಖ ನೋಡಲಿಲ್ಲ ಎಂದರೆ ಮುಖ ನೋಡಿ ಮಣೆ ಹಾಕಲಿಲ್ಲ, ಕೆಲಸ ನೋಡಿದೆ ಎಂದರ್ಥ. ಬಟ್ಟೆಯ ಒಳಗೆ ಅವರಿಲ್ಲ ಎಂದರೆ ಅವರು ನಮ್ಮ ಹೃದಯದ ಒಳಗಿದ್ದಾರೆ ಎಂದರ್ಥ. ಜನ ಮತ್ತೆ ಚಪ್ಪಾಳೆ ತಟ್ಟಿದರು. ಆದಂ ಕುಂಞಿ ಮೈಕು ಕಸಿದುಕೊಂಡು, ಅರ್ಥ ಹೇಳಬೇಡಿ ಮಾರಾಯ್ರೆ, ನಾನು ಇಪ್ಪತ್ತೆರಡು ವರ್ಷ ಸುಳ್ಳು ಹೇಳಿದ್ದೇನೆ ಎಂದು ಅರಚಿದ. ಚಪ್ಪಾಳೆ ಇನ್ನೂ ಜೋರಾಯಿತು. ಸುಳ್ಳು ಹೇಳುವಾಗ ಹೆದರಿ ನಂಬಿದ್ದ ಊರು, ನಿಜ ಹೇಳುವಾಗ ಪ್ರೀತಿಯಿಂದ ನಂಬಲಿಲ್ಲ. ಆಫೀಸರರು ಬಟ್ಟೆ ಎಳೆದರು. ಧಣಿ ಹೊರಬಂದ. ಅವನ ಎರಡು ಗಲ್ಲಗಳ ಕೆಳಗೆ ಮಲ್ಲಿಗೆಯ ಹಾರ ಬಿತ್ತು.

ಆದಂ ಕುಂಞಿಗೆ ಅಂದು ಬಂದ ಸಿಟ್ಟು ಹಳೆಯ ಜಾತಿಯದ್ದಲ್ಲ. ಅವನು ವೇದಿಕೆಯಿಂದ ಇಳಿದು ಚೆನ್ನುವಿನ ಪಕ್ಕ ಹೋಗಿ ನೆಲದ ಮೇಲೆ ಕೂತ.

ಅಂದಿನಿಂದ ಸೋಡಾ ಅಂಗಡಿ ತೆರೆಯಲಿಲ್ಲ. ಏಪ್ರಿಲಿನ ಬಿಸಿಲು. ಪೇಟೆಗೆ ಬಂದವರೆಲ್ಲ ಮುಚ್ಚಿದ ಬಾಗಿಲು ನೋಡಿ ಬೈದರು. ಆದಂ ಕುಂಞಿಯನ್ನು ಬೈದು ಫಲವಿಲ್ಲ ಎಂದು ಗೊತ್ತಿದ್ದುದರಿಂದ ತ್ಯಾಂಪಣ್ಣನವರನ್ನು ಬೈದರು. ತ್ಯಾಂಪಣ್ಣನವರು ಅಚ್ಚುತನನ್ನು ಬೈದರು. ಬೀಡಿ ಕೊಡಲು ಡಿಪೋಗೆ ಬರುವ ಹೆಂಗಸರು ದಾರಿಯಲ್ಲಿ ಕಟ್ಟೆಯ ಹತ್ತಿರ ನಿಂತು, ಬೊಂಬಾಯಿಯ ಮುಷ್ಕರ ಹೇಗೆ ನಡೆಯಿತು ಎಂದು ಚೆನ್ನುವನ್ನು ಕೇಳತೊಡಗಿದರು. ಇದು ತ್ಯಾಂಪಣ್ಣನವರಿಗೆ ಸೋಡಾಕ್ಕಿಂತ ದೊಡ್ಡ ತಲೆನೋವಾಯಿತು. ಪೊಲೀಸರಿಗೆ ಅರ್ಜಿ ಬರೆಸಿದರು. ಮೂರ್ತಿಗೆ ಅಡ್ಡಿ ಮಾಡುವವಳು ಮೂರ್ತಿಯ ಹೆಂಡತಿ ಎಂದು ಬರೆಯಬೇಕೇ ಬೇಡವೇ ಎಂಬಲ್ಲಿ ಅಚ್ಚುತನ ಪೆನ್ನು ನಿಂತಿತು.

ಎಂಟನೆಯ ದಿನ ಮಧ್ಯಾಹ್ನದ ಬಸ್ಸಿನಿಂದ ಇಬ್ಬರು ಇಳಿದರು. ಬೊಂಬಾಯಿಯ ಸಂಘದವರು. ಹಿರಿಯರ ಹೆಸರು ಸಾಹುಲ್ ಹಮೀದ್. ಮೂಲ ಉಳ್ಳಾಲದ ಕಡೆಯವರು, ಮೂವತ್ತು ವರ್ಷ ಬಾಯ್ಲರಿನ ಎದುರು ನಿಂತವರು. ಮೂರ್ತಿಯನ್ನು ನೋಡಿ ಹಲ್ಲು ಕಡಿದರು. ಕೆಳಗೆ ಕೂತವಳನ್ನು ನೋಡಿ, "ಚೆನ್ನಕ್ಕ" ಎಂದು ಬಗ್ಗಿ ಅವಳ ಎರಡೂ ಕೈ ಹಿಡಿದುಕೊಂಡರು. ಇಷ್ಟು ದಿನ ಗಟ್ಟಿಯಾಗಿದ್ದ ಚೆನ್ನು ಆಗ ಅತ್ತಳು. ಸಫಿಯಮ್ಮ ಮಾತ್ರ ಸಾಹುಲ್ ಹಮೀದರ ತೋಳಿನ ಮೇಲಿನ ನೀಲಿ ಚುಕ್ಕೆಗಳನ್ನು ನೋಡುತ್ತಿದ್ದಳು, ಆಮೇಲೆ ಗಂಡನ ಕಡೆ ನೋಡಿದಳು. ಆದಂ ಕುಂಞಿ ಅಂಗಿಯ ತೋಳು ಇಳಿಸಿಕೊಂಡ.

ತಪ್ಪು ಆದದ್ದು ಮೂರ್ತಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ. ಅದೇ ತಿಂಗಳು ಅಲ್ಲಿ ತೀರಿಹೋದ ಧಣಿಯ ಮೂರ್ತಿಯೂ ಆಗುತ್ತಿತ್ತು. ಒಂದೇ ಅಳತೆಯ ಎರಡು ಪೆಟ್ಟಿಗೆ, ನಂಬರು ಅದಲುಬದಲು. ಧಣಿ ಸವಣೂರಿಗೆ ಬಂದ; ದುಗ್ಗಪ್ಪ ಧಣಿಯ ಕಂಪೆನಿಗೆ ಹೋದರು. ಅಲ್ಲಿ ಬಟ್ಟೆ ಎಳೆದದ್ದು ದೊಡ್ಡ ಮನುಷ್ಯರೊಬ್ಬರು. ಬಟ್ಟೆ ಬಿದ್ದ ಕೂಡಲೇ, ಕಾಲರಿಲ್ಲದ ಅಂಗಿಯ ಸಪುರ ಮನುಷ್ಯನನ್ನು ಕಂಡು ಧಣಿಯ ಮಕ್ಕಳ ಜೀವ ಹಾರಿತು. ಆದರೆ ದೊಡ್ಡ ಮ‌ನುಷ್ಯರು ಅಷ್ಟರಲ್ಲಿ ಹಾರ ಹಾಕಿ, ಕೋಟ್ಯಧಿಪತಿಯಾದರೂ ಎಷ್ಟು ಸರಳವಾಗಿದ್ದರು ನೋಡಿ ಎಂದು ಭಾಷಣ ಶುರು ಮಾಡಿದ್ದರು. ಪೇಪರಿನಲ್ಲಿ ಫೋಟೋ ಬಂತು. ಸಂಘದವರಿಗೆ ವಿಷಯ ಗೊತ್ತಾದದ್ದೇ ಆ ಫೋಟೋದಿಂದ. ಈಗ ಮೂರ್ತಿ ತೆಗೆದರೆ ದೊಡ್ಡವರಿಗೆ ಅವಮಾನ ಎಂದು ಮಕ್ಕಳು ಬಾಯಿ ಮುಚ್ಚಿ ಕೂತಿದ್ದರು. ಕೋರ್ಟಿಗೆ ಹೋಗಿಯಾದರೂ ದುಗ್ಗಪ್ಪನವರನ್ನು ಬಿಡಿಸಿ ತರುತ್ತೇವೆ ಎಂದರು ಸಾಹುಲ್ ಹಮೀದ್.

ಚೆನ್ನು ಕಣ್ಣು ಒರೆಸಿಕೊಂಡು, ಮೂರ್ತಿ ಕಂಪೆನಿಯಲ್ಲಿ ಯಾವ ಕಡೆ ಉಂಟು ಎಂದು ಕೇಳಿದಳು. ಯಜಮಾನರೆಲ್ಲ ಸೇರುವ ಮೀಟಿಂಗಿನ ಕೋಣೆಯಲ್ಲಿ, ಮೇಜಿನ ತಲೆಯ ಹತ್ತಿರ ಎಂದರು ಅವರು.

ಅವಳು ನಕ್ಕಳು. ಎಂಟು ದಿನದಲ್ಲಿ ಅದು ಮೊದಲ ಸಲ. "ತರಬೇಡಿ. ಮಾತಾಡ್ಲಿಕ್ಕೆ ಒಳಗೆ ಬಿಡಿ ಅಂತ ನಮ್ಮವರು ಇಪ್ಪತ್ತೊಂದು ದಿನ ಅದೇ ಕಂಪೆನಿಯ ಗೇಟಿನಲ್ಲಿ ನಿಂತಿದ್ರು. ಬಿಡ್ಲಿಲ್ಲ. ಈಗ ಕಂಪೆನಿಯವರೇ ಹಾರ ಹಾಕಿ ಒಳಗೆ ಕೂರಿಸಿದ್ದಾರೆ. ಅಲ್ಲೇ ಇರಲಿ, ದಿನಾ ನೋಡಲಿ. ಇವನನ್ನು ಮಾತ್ರ ಇವತ್ತೇ ಇಳಿಸಿ."

ಇಳಿಸಲು ಸಮಿತಿಯ ಠರಾವು ಬೇಕು ಎಂದು ಅಚ್ಚುತ ಹೇಳುತ್ತಿರುವಾಗಲೇ ಆದಂ ಕುಂಞಿ ಸೋಡಾ ಯಂತ್ರದ ಸ್ಪಾನರು ತಂದು ಬೋಲ್ಟು ತಿರುಗಿಸುತ್ತಿದ್ದ. ತ್ಯಾಂಪಣ್ಣನವರು ತಡೆಯಲು ಬಂದರು. ಅವನು ತಿರುಗಿ ನೋಡಿದ ರೀತಿಗೆ ಅಲ್ಲೇ ನಿಂತರು. ಧಣಿ ಬೈಹುಲ್ಲಿನ ಮೇಲೆ ಅಂಗಾತ ಮಲಗಿ ಮಂಗಳೂರಿನ ಲಾರಿ ಹತ್ತಿದ. ಖಾಲಿ ಕಟ್ಟೆಯ ಮೇಲೆ ಬೇರೇನು ಇಡಬೇಕು ಎಂದು ಸಂಘದವರು ಕೇಳಿದಾಗ, ಏನೂ ಬೇಡ, ನೆರಳಿಗೆ ಒಂದು ಗಿಡ ನೆಟ್ಟರೆ ಸಾಕು, ಕೂತವರಿಗೆ ಬಿಸಿಲು ಜಾಸ್ತಿ ಎಂದಳು ಚೆನ್ನು. ಸಂಜೆಯ ಬಸ್ಸಿಗೆ ಸಫಿಯಮ್ಮನೇ ಅವಳನ್ನು ಹತ್ತಿಸಿದಳು.

ಆದಂ ಕುಂಞಿ ಒಂದು ಹೊಂಗೆಯ ಗಿಡ ತಂದು ನೆಟ್ಟ. ಅದು ಮೊಣಕಾಲೆತ್ತರ ಬೆಳೆಯುವ ಹೊತ್ತಿಗೆ, ಮರುವರ್ಷ, ತ್ಯಾಂಪಣ್ಣನವರು ಸರಿಯಿಲ್ಲ ಎಂದು ತೆಗೆದಿಡುವ ಬೀಡಿಯನ್ನು ನೂರಕ್ಕೆ ಇಪ್ಪತ್ತು ಇದ್ದದ್ದರಿಂದ ಮೂವತ್ತಕ್ಕೆ ಏರಿಸಿದರು. ಆ ಸೋಮವಾರ ಬೀಡಿ ಕಟ್ಟುವ ಹೆಂಗಸರು ಡಿಪೋದ ಒಳಗೆ ಹೋಗಲಿಲ್ಲ. ನಲವತ್ತು ಮಂದಿ ಗೆರಸೆ ಹಿಡಿದುಕೊಂಡು ಬಂದು ಕಟ್ಟೆಯ ಮೇಲೂ ಸುತ್ತಲೂ ಕೂತರು. ತ್ಯಾಂಪಣ್ಣನವರು ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದು, ಈ ಕಟ್ಟೆ ಕಟ್ಟಿಸಿದ್ದು ಯಾರು ಗೊತ್ತುಂಟಾ, ಇಲ್ಲಿ ಕೂರಲು ನಿಮಗೆ ಹೇಳಿದ್ದು ಯಾರು ಎಂದು ಗುಡುಗಿದರು.

ಮುಂದೆ ಕೂತಿದ್ದ ಮುದುಕಿಯೊಬ್ಬಳು ಮೆಲ್ಲಗೆ ಕಾಲು ಸರಿಸಿ, ಕಲ್ಲಿನಲ್ಲಿ ಕೆತ್ತಿದ ದುಗ್ಗಪ್ಪನವರ ಹೆಸರು ಅವರಿಗೆ ಸರಿಯಾಗಿ ಕಾಣುವ ಹಾಗೆ ಮಾಡಿದಳು.